ಮೂರನೆಯ ಪುಟ ಓದಿದವನು

ಯಾಮಂಡುವಿನ ನಗು ಕಚೇರಿಯಿಂದ ಮೆಟ್ಟಿಲವರೆಗೂ ಕೇಳಿಸುತ್ತಿತ್ತು. ಎಲ್ಬಿಯೊ ಎರಡನೆಯ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತುಬಿಟ್ಟ. ದಮ್ಮು ಹತ್ತಿತು, ಅದಕ್ಕೆ ನಿಂತೆ ಎಂದು ತನಗೆ ತಾನೇ ಹೇಳಿಕೊಂಡರೂ ನಿಜವಾಗಿ ನಿಂತದ್ದು ಆ ನಗುವಿನಲ್ಲಿ ಎಲ್ಲಾದರೂ ಒಂದು ಬಿರುಕು ಇದೆಯೇ ಎಂದು ಕಿವಿಗೊಟ್ಟು ಕೇಳಲು. ಇರಲಿಲ್ಲ. ಇನ್ನೊಂದು ಗಂಟೆಗೆ ಮೆಲೊ ಊರಿನಿಂದ ಒಬ್ಬ ಹೆಂಗಸು ದೂರು ಹೊತ್ತು ಬರುತ್ತಿದ್ದಾಳೆ, ಆ ದೂರು ತನ್ನ ಹೆಸರಿನ ಮೇಲೆಯೇ ಇದೆ ಎಂದು ಗೊತ್ತಿದ್ದೂ ವಕೀಲೆಯನ್ನು ಎದುರಿಗೆ ಕೂರಿಸಿಕೊಂಡು ಹೀಗೆ ಹೊಟ್ಟೆ ತುಂಬ ನಗಬಲ್ಲವನನ್ನು ಏನು ಮಾಡುವುದು? ತಾನಾಗಿದ್ದರೆ ಮೂರು ದಿನದಿಂದ ಅನ್ನನೀರು ಬಿಟ್ಟಿರುತ್ತಿದ್ದೆ. ಮೂರು ದಿನದಿಂದ ತಾನು ಬಿಟ್ಟಿದ್ದೇನೆ ಕೂಡ, ಎಂದು ನೆನಪಾಗಿ ಎಲ್ಬಿಯೊನಿಗೆ ಕಸಿವಿಸಿಯಾಯಿತು. ನವೆಂಬರಿನ ಗಾಳಿಗೆ ಬೀದಿಯ ಪ್ಲಾತಾನೊ ಮರಗಳು ಉದುರಿಸುವ ಹಳದಿ ನಾರು ಕಣ್ಣಿಗೆ ಹೊಕ್ಕು ಬೆಳಗಿನಿಂದ ನೀರು ಸುರಿಯುತ್ತಿತ್ತು. ಅಂಗಿಯ ತೋಳಿನಿಂದ ಒರೆಸಿಕೊಂಡ. ಒರೆಸಿದಷ್ಟೂ ಉರಿ ಹೆಚ್ಚಾಯಿತು.

"ಬನ್ನಿ ಮೇಷ್ಟ್ರೇ, ಏನಿದು, ಬರೋಕ್ಮುಂಚೇನೇ ಅತ್ಕೊಂಡು ಬಂದಿದೀರಾ?" ಅಂದ ಯಾಮಂಡು, ಬಾಗಿಲಿಗೆ ಬಂದು ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟು. "ಕೂತ್ಕೊಳ್ಳಿ, ಈ ಸುತ್ತು ನಿಮ್ಮದೇ." ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಹಾಗೇ ಇತ್ತು, ಎಲೆಪುಡಿ ತುಂಬಿದ ಸೋರೆ ಬುರುಡೆಗೆ ನೀರು ಹೊಯ್ದು ಮಾಟೆ ಕಷಾಯವನ್ನು ಮೊದಲು ಎಲ್ಬಿಯೊನಿಗೇ ಕೊಟ್ಟ. ಮೊದಲು ಕೊಡುವುದು ಪ್ರೀತಿಯೋ ಅಥವಾ ವಯಸ್ಸಾದವನೆಂಬ ಕನಿಕರವೋ ಎಂಬುದನ್ನು ಏಳು ವರ್ಷದಿಂದ ಎಲ್ಬಿಯೊ ತೀರ್ಮಾನಿಸಲಾಗದೆ ಉಳಿದಿದ್ದ. ‘ಮೇಷ್ಟ್ರೇ’ ಎಂಬ ಮಾತೂ ಹಾಗೆಯೇ. ಸೇರಿಕೊಂಡ ಮೊದಲ ದಿನವೇ ಯಾಮಂಡು ಹಾಗೆ ಕರೆದಿದ್ದ. ಆಗ ಎಲ್ಬಿಯೊನಿಗೆ ಎದೆಯುಬ್ಬಿತ್ತು. ಆಮೇಲೊಂದು ದಿನ ಅವನು ಬೀದಿಯ ಹೂಮಾರುವವನನ್ನೂ ಬಸ್ಸಿನ ಡ್ರೈವರನನ್ನೂ ಅದೇ ಬಾಯಲ್ಲಿ ಮೇಷ್ಟ್ರೇ ಅಂದದ್ದು ಕೇಳಿಸಿತು.

ಈ ಊರಿನ, ಅಂದರೆ ಮೊಂತೆವಿದೆಯೊದ, ಹನ್ನೊಂದು ಜನ ಸೇರಿ ಕಟ್ಟಿಕೊಂಡ ಸಹಕಾರ ಸಂಘ ಅದು. ಕೆಟ್ಟುಹೋದ, ಅರೆಬರೆ ಉಳಿದ ಪಿಡಿಎಫ್ ದಾಖಲೆಗಳನ್ನು ತೆರೆದು ಓದಿಸುವ ಪ್ರೋಗ್ರಾಮು ಅವರ ಕಸುಬು. ಗ್ರಂಥಾಲಯಗಳು, ದಾಖಲೆ ಕಚೇರಿಗಳು ಅದನ್ನು ಬಳಸುತ್ತಿದ್ದವು. ಅಂಥ ಪ್ರೋಗ್ರಾಮನ್ನು ಪರೀಕ್ಷಿಸಬೇಕಾದರೆ ಕೆಟ್ಟುಹೋದ ಫೈಲುಗಳೇ ಬೇಕು. ಬೇಕೆಂದು ಕೆಡಿಸಿದವು ಸಾಲವು. ಮನುಷ್ಯರು ಅರಿವಿಲ್ಲದೆ ಕೆಡಿಸಿ ಇಂಟರ್ನೆಟ್ಟಿನಲ್ಲಿ ಬಿಟ್ಟುಹೋದವು ಬೇಕು. ಎಲ್ಬಿಯೊ ಹನ್ನೊಂದು ವರ್ಷ ಅವನ್ನು ಆಯ್ದಿದ್ದ. ಊರೂರಿನ ನಗರಸಭೆಗಳ ಟಿಪ್ಪಣಿ, ಚೆಸ್ ಕ್ಲಬ್ಬಿನ ಪಂದ್ಯದ ಪಟ್ಟಿ, ಶಾಲೆಯ ಊಟದ ವಿವರ, ಸಮಾಧಿಸ್ಥಳದ ನಕ್ಷೆ, ಯಾರದೋ ಮನೆ ಮಾರಾಟದ ಕರಾರು. ಪ್ರೋಗ್ರಾಮು ಎಲ್ಲಿ ಮುಗ್ಗರಿಸುತ್ತದೋ ಆ ಫೈಲು ಸಿಕ್ಕರೆ ಅವನಿಗೆ ಗಣಿಯಲ್ಲಿ ಹರಳು ಸಿಕ್ಕ ಹಾಗೆ. ಅರವತ್ತೆರಡು ಸಾವಿರವಾದವು. ಆ ಕಂತೆಗೆ ‘ಆಸ್ಪತ್ರೆ’ ಎಂದು ಹೆಸರಿಟ್ಟು ತನ್ನ ಮೇಜಿನ ಕೆಳಗಿನ ಯಂತ್ರದಲ್ಲಿ ಇಟ್ಟುಕೊಂಡಿದ್ದ. ಹೆಂಡತಿ ಬಿಟ್ಟುಹೋದ ವರ್ಷವೂ ಅವನು ದಿನಾ ಅದಕ್ಕೆ ಐದಾರು ರೋಗಿಗಳನ್ನು ಸೇರಿಸುವುದನ್ನು ನಿಲ್ಲಿಸಲಿಲ್ಲ.

ಈ ವರ್ಷದ ಆರಂಭದಲ್ಲಿ ಯಾಮಂಡು ಅದನ್ನು ಎರಡು ತಿಂಗಳಲ್ಲಿ ವಿಂಗಡಿಸಿದ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟ, ‘ಆಸ್ಪತ್ರೆ’ ಅಳಿಸಿ ‘ಮುಕ್ತ ಸಂಗ್ರಹ’ ಎಂದು ಬರೆದ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಂಘದ ಸರ್ವರಿನಲ್ಲಿ ಇಟ್ಟ. ಜಗತ್ತಿನ ಪ್ರಯೋಗಾಲಯಗಳು ಬಂದವು. ಪೋರ್ತುಗಾಲಿನಲ್ಲಿ ಮಾತಾಡಲು ಕರೆ ಬಂತು. ಪತ್ರಿಕೆಯ ಭಾನುವಾರದ ಪುಟದಲ್ಲಿ ಕಡಲದಂಡೆಯ ಗೋಡೆಗೆ ಒರಗಿ ನಿಂತ ಯಾಮಂಡುವಿನ ಫೋಟೋ ಬಂತು, ಗಾಳಿಗೆ ಕೂದಲು ಹಾರಿದ್ದು. ಸಂಗ್ರಹದ ಬಗ್ಗೆ ಅವನು ಬರೆದ ಲೇಖನದ ಕೊನೆಯಲ್ಲಿ ಒಂದು ಸಾಲಿತ್ತು: ಎಲ್ಬಿಯೊ ಲಾರ್ರೋಸಾ ಮುಂತಾದವರ ನೆರವನ್ನು ನೆನೆಯುತ್ತೇವೆ. ಮುಂತಾದವರು ಯಾರು? ಹನ್ನೊಂದು ವರ್ಷ ಆ ಮೇಜಿನ ಕೆಳಗೆ ಬಗ್ಗಿದವರು ಇನ್ಯಾರಿದ್ದರು? ‘ಎಲ್ಬಿಯೊ ಲಾರ್ರೋಸಾ’ ಎಂದಷ್ಟೇ ಇದ್ದಿದ್ದರೂ ಸಹಿಸಬಹುದಿತ್ತು. ಆ ‘ಮುಂತಾದವರ’ ಎಂಬ ಪದ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಆರು ತಿಂಗಳಿಂದ ಕೂತಿತ್ತು. ಆರನೆಯ ತರಗತಿಯಲ್ಲಿ ಶಾಲೆಯ ಬಾವುಟ ಹಿಡಿಯುವವರ ಆಯ್ಕೆಯಾದಾಗ ಅವನನ್ನು ಬಾವುಟದ ಪಕ್ಕ ನಡೆಯುವವನನ್ನಾಗಿ ಮಾಡಿದ್ದರು. ಕೈ ಬೀಸಿಕೊಂಡು ನಡೆಯಬೇಕು, ಅಷ್ಟೇ. ಅವನ ಅಮ್ಮ ಬಿಳಿ ನಿಲುವಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟು, ಫೋಟೋ ಬಂದಾಗ, ಬಾವುಟದ ಬಟ್ಟೆ ಗಾಳಿಗೆ ಹಾರಿ ಅವನ ಮುಖ ಮುಚ್ಚಿದ್ದನ್ನು ನೋಡಿ, "ಇರಲಿ ಬಿಡು, ಷೂ ಚೆನ್ನಾಗಿ ಕಾಣ್ತಿದೆ" ಅಂದಿದ್ದಳು.

"ಕೇಳಿಸ್ತಾ ಇದೆಯೇನ್ರೀ ಲಾರ್ರೋಸಾ?" ಎಂದಳು ವಕೀಲೆ. ಪೆರ್ಲಾ ಇಬಾರ್ಬುರು, ಅರವತ್ತರ ಆಸುಪಾಸಿನವಳು, ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡು ಅದನ್ನು ಎಂದೂ ಮೂಗಿಗೇರಿಸದವಳು. ಎಲ್ಬಿಯೊ ಖಾಲಿ ಬುರುಡೆಯ ಕೊಳವೆಯನ್ನು ಇನ್ನೂ ಹೀರುತ್ತಿದ್ದ, ಗೊರಗೊರ ಸದ್ದಾಯಿತು. ನಾಚಿ ಅದನ್ನು ಹಿಂದಕ್ಕೆ ಕೊಟ್ಟ.

"ಮತ್ತೆ ಮೊದಲಿಂದ ಹೇಳ್ತೀನಿ, ಇಬ್ಬರೂ ಕೇಳಿ. ಇಂಟರ್ನೆಟ್ಟಲ್ಲಿ ಸಿಕ್ತು ಅಂದ ಮಾತ್ರಕ್ಕೆ ಅದು ದಾರೀಲಿ ಬಿದ್ದಿದ್ದ ಕಲ್ಲಲ್ಲ. ಒಂದೊಂದು ಕಾಗದಕ್ಕೂ ಬರೆದೋನು ಒಬ್ಬ ಇದಾನೆ, ಅವನ ಹಕ್ಕು ಅವನದೇ. ನೀವು ನಿಮ್ಮ ಕೋಣೇಲಿ ಇಟ್ಕೊಂಡು ಪರೀಕ್ಷೆ ಮಾಡ್ಕೊಳ್ಳಿ, ನಾನು ಕೋರ್ಟಲ್ಲಿ ನಿಂತು ಏನಾದ್ರೂ ಹೇಳಬಲ್ಲೆ. ಆದ್ರೆ ನೀವು ಮಾಡಿದ್ದೇನು? ಅರವತ್ತೆರಡು ಸಾವಿರ ಕಾಗದಾನ ಮತ್ತೆ ಹಂಚಿದ್ರಿ. ಹಂಚೋದು ಬೇರೆ, ಇಟ್ಕೊಳ್ಳೋದು ಬೇರೆ."

"ಒಂದಕ್ಕೂ ಕಾಸು ತಗೊಂಡಿಲ್ಲ ದೊತೋರಾ," ಅಂದ ಯಾಮಂಡು, ವಕೀಲೆಯನ್ನು ಅಲ್ಲಿ ಗೌರವದಿಂದ ಕರೆಯುವ ಹಾಗೆ.

"ಕಳ್ಳ ಮಾಲನ್ನ ಪುಕ್ಕಟೆ ಹಂಚಿದ್ರೂ ಹಂಚಿದ ಹಾಗೇ. ಅದಿರಲಿ, ಹಕ್ಕಿನ ವಿಷಯ ಹೇಗೋ ಮಾತಾಡ್ಕೊಂಡು ಮುಗಿಸಬಹುದು. ಚೆಸ್ ಕ್ಲಬ್ಬಿನೋರು ಯಾರೂ ಕೋರ್ಟಿಗೆ ಬರಲ್ಲ. ಇನ್ನೊಂದಿದೆ. ಜನರ ಖಾಸಗಿ ವಿವರ. ಅದರಲ್ಲೂ ಕಾಯಿಲೆ, ಮನಸ್ಸಿನ ಚಿಕಿತ್ಸೆ, ಇಂಥವು. ಅದಕ್ಕೆ ಕಾನೂನು ಬೇರೇನೇ ಇದೆ, ಹಲ್ಲೂ ಇದೆ. ಸತ್ತೋರದ್ದಾದ್ರೂ ಮನೆಯೋರು ಕೇಳಬಹುದು. ಈಗ ಬರ್ತಿರೋಳ ತಾಯಿಯ ವರದೀನ ಆ ಚಿಕಿತ್ಸಾಲಯ ತನ್ನ ಅಜಾಗರೂಕತೆಯಿಂದ ಇಂಟರ್ನೆಟ್ಟಲ್ಲಿ ಬಿಟ್ಟಿತ್ತು, ಅದು ಮುಚ್ಚಿ ವರ್ಷಗಳಾಯ್ತು. ಈಗ ಆ ಕಾಗದ ಎಲ್ಲಿದೆ ಅಂದ್ರೆ ನಿಮ್ಮನೇಲಿ ಮಾತ್ರ ಇದೆ. ಹಾಗಾದ್ರೆ ಯಾರ ಕುತ್ತಿಗೆ ಹಿಡೀತಾರೆ?"

"ಅವರ ಪತ್ರ ಬಂದ ದಿನವೇ ಅದನ್ನ ತೆಗೆದುಹಾಕಿದೀನಿ."

"ಅಷ್ಟರಲ್ಲಿ ಎಷ್ಟು ಜನ ಇಳಿಸ್ಕೊಂಡಿದ್ರು?"

ಯಾಮಂಡು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ನಾನೂರು ಚಿಲ್ಲರೆ," ಅಂದ. ಆ ಸಂಖ್ಯೆಯನ್ನು ಅವನು ಹೋದ ತಿಂಗಳು ಇದೇ ಕೋಣೆಯಲ್ಲಿ ಕುಣಿಯುತ್ತ ಹೇಳಿದ್ದ. ಈಗ ಮೆಲ್ಲಗೆ ಹೇಳಿದ್ದು ಕೇಳಿ ಎಲ್ಬಿಯೊನಿಗೆ ಒಳಗೆಲ್ಲೋ ತಂಪಾಯಿತು. ತಂಪಾದದ್ದು ಗೊತ್ತಾಗಿ ಹೇಸಿಗೆಯೂ ಆಯಿತು.

"ನಾನೂರು ಕಡೆಯಿಂದ ವಾಪಸು ಕರೆಸೋಕೆ ಆಗುತ್ತಾ? ಆಗಲ್ಲ. ಅದಕ್ಕೇ ಹೇಳ್ತಿರೋದು, ಇವತ್ತು ಸಂಜೆ ಒಳಗೆ ಬಾಗಿಲು ಹಾಕಿ. ಪೂರ್ತಿ. ಆಮೇಲೆ ಒಂದೊಂದನ್ನೇ ನೋಡಿ, ನೋಡಿದ್ದನ್ನ ಮಾತ್ರ ಬಿಡಿ." ವಕೀಲೆ ಇಬ್ಬರನ್ನೂ ಒಮ್ಮೆ ದಿಟ್ಟಿಸಿದಳು. "ಒಂದು ಪ್ರಶ್ನೆ, ಸತ್ಯ ಹೇಳಬೇಕು. ಒಳಗೇನಿದೆ ಅಂತ ಗೊತ್ತಿರಲಿಲ್ಲ ಅಂತ ನಾನು ವಾದ ಮಾಡಬಹುದು. ಬಡ ವಾದ, ಆದರೂ ಮಾಡಬಹುದು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ರು ಅಂತ ಆದ್ರೆ ನನ್ನ ಕೈಲಿ ಏನೂ ಇಲ್ಲ. ಯಾರಿಗಾದ್ರೂ ಗೊತ್ತಿತ್ತಾ?"

"ಅರವತ್ತೆರಡು ಸಾವಿರ ಯಾರು ಓದ್ತಾರೆ ದೊತೋರಾ! ನಾನು ಹತ್ತೂ ಓದಿಲ್ಲ. ಯಂತ್ರ ಓದುತ್ತೆ, ಯಂತ್ರ ಬೀಳುತ್ತೆ. ಅಲ್ವಾ ಮೇಷ್ಟ್ರೇ?"

"ಹೂಂ," ಅಂದ ಎಲ್ಬಿಯೊ.

ಆ ‘ಹೂಂ’ ಬಾಯಿಂದ ಹೊರಬಿದ್ದಾಗ ಅವನಿಗೆ ಏಪ್ರಿಲಿನ ಇನ್ನೊಂದು ಸಭೆ ಕಣ್ಣಿಗೆ ಕಟ್ಟಿತು. ಇದೇ ಮೇಜು, ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಹರಡಿತ್ತು, ಯಾಮಂಡು ಕೈಯೊರೆಸಿಕೊಂಡು ಎಲ್ಲರನ್ನೂ ಕೇಳಿದ್ದ: ಇದನ್ನು ಹೊರಗಿಡುತ್ತೇನೆ, ಯಾರದಾದರೂ ತಕರಾರು ಇದೆಯೇ? ಕೇಳಿದ್ದು ಎಲ್ಲರನ್ನಾದರೂ ನೋಡಿದ್ದು ಎಲ್ಬಿಯೊನನ್ನು. ಎಲ್ಬಿಯೊನಿಗೆ ಅದೇ ಕ್ಷಣದಲ್ಲಿ ಎಲಿದಾ ತೆಚೇರಾಳ ವರದಿ ನೆನಪಾಗಿತ್ತು. ಮನಸ್ಸಿನ ಚಿಕಿತ್ಸೆಗೆ ಸೇರಿದ್ದ ಮೆಲೊ ಊರಿನ ಒಬ್ಬ ಹೆಂಗಸಿನ ನಾಲ್ಕು ಪುಟದ ವರದಿ. ಮೊದಲ ಎರಡು ಪುಟ ತೆರೆಯುತ್ತವೆ, ಮೂರನೆಯದರ ಹೊತ್ತಿಗೆ ಯಾವ ಪ್ರೋಗ್ರಾಮಾದರೂ ಕುಸಿದುಬೀಳುತ್ತದೆ. ಒಂಬತ್ತು ವರ್ಷದ ಹಿಂದೆ ಅದು ಸಿಕ್ಕಿತ್ತು. ಅದನ್ನು ತೆರೆಸಲೆಂದೇ ಅವನು ಹದಿನೇಳು ದಿನ ಕೂತು ಪ್ರೋಗ್ರಾಮಿಗೆ ಹಾಕುವ ಒಂದು ತೇಪೆ ಬರೆದಿದ್ದ, ತೆರೆದ ಪುಟವನ್ನು ಓದಿದ್ದ. ಓದಬಾರದಿತ್ತು. ಯಾಮಂಡು ಬಂದ ಮೇಲೆ ಆ ತೇಪೆಯನ್ನು ಮೂಲ ಪ್ರೋಗ್ರಾಮಿಗೆ ಸೇರಿಸೋಣವೆಂದರೆ ಅವನು, "ತುಂಬಾ ಚೆನ್ನಾಗಿದೆ ಮೇಷ್ಟ್ರೇ, ಆದ್ರೆ ಒಂದೇ ಫೈಲಿಗೆ ಇಷ್ಟು ಯಾಕೆ?" ಎಂದು ಬದಿಗಿಟ್ಟ. ಹಾಗಾಗಿ ಆ ಪುಟ ಜಗತ್ತಿನಲ್ಲಿ ಎಲ್ಬಿಯೊನ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆರೆಯುತ್ತಿತ್ತು. ಏಪ್ರಿಲಿನ ಆ ಸಭೆಯಲ್ಲಿ ಅವನು ಹೇಳಬಹುದಿತ್ತು: ತಡಿ, ಅದರಲ್ಲಿ ಒಂದಿದೆ. ಒಂದೇ ಮಾತು. ಹೇಳಲಿಲ್ಲ. "ನಿನ್ನಿಷ್ಟ," ಅಂದಿದ್ದ. ಬೀಳುವುದಾದರೆ ಬೀಳಲಿ ಎಂಬ ಯೋಚನೆ ಆಗಲೇ ಇತ್ತೇ, ಅಥವಾ ಈಗಿನ ಯೋಚನೆಯನ್ನು ತಾನು ಆ ದಿನಕ್ಕೆ ಅಂಟಿಸುತ್ತಿದ್ದೇನೆಯೇ?

ಪತ್ರಿಕೆಯಲ್ಲಿ ಫೋಟೋ ಬಂದ ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವನು ಸಾರ್ವಜನಿಕ ಗ್ರಂಥಾಲಯಕ್ಕೆ ಹೋದ. ಅಲ್ಲಿಯ ಕಂಪ್ಯೂಟರಿನ ಮುಂದೆ ಕೂತು ಹೊಸದೊಂದು ವಿಳಾಸ ಮಾಡಿಕೊಂಡ. ಪಕ್ಕದಲ್ಲಿ ಒಬ್ಬ ಮುದುಕ ಕುದುರೆ ಜೂಜಿನ ಫಲಿತಾಂಶ ನೋಡುತ್ತ ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದ. ವರದಿಯಲ್ಲಿ ಮಗಳ ಹೆಸರಿತ್ತು: ನಿಬಿಯಾ. ಹುಡುಕಿದರೆ ಮೆಲೊ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಸಿಕ್ಕಳು. ಅವಳಿಗೆ ಬರೆದ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿದ್ದು. ಆ ಹೆಂಗಸಿಗೆ ತಿಳಿಯಬೇಕಾದದ್ದು ನ್ಯಾಯವೇ ಆಗಿತ್ತು. ಸರಿಯಾದ ಕೆಲಸವನ್ನೇ ತಾನು ಮಾಡುತ್ತಿದ್ದೇನೆ ಎಂದು ಅವನು ಆಣೆ ಮಾಡಬಲ್ಲವನಾಗಿದ್ದ, ಒಂದು ಸಾಲನ್ನು ಬಿಟ್ಟು: ಇದನ್ನು ಜಗತ್ತಿನ ಮುಂದೆ ತೆರೆದಿಟ್ಟವನ ಹೆಸರು ಯಾಮಂಡು ಸಿಲ್ವೇರಾ. ಕಳಿಸಿದ ಮೇಲೆ ಹಸಿವಾಗಿ, ಎದುರಿನ ಅಂಗಡಿಗೆ ಹೋಗಿ ಎರಡು ಎಂಪನಾದಾ ಕಡುಬು ತಿಂದಿದ್ದ. ಎಷ್ಟೋ ತಿಂಗಳ ಮೇಲೆ ಅಷ್ಟು ರುಚಿಯಾಗಿ ತಿಂದಿದ್ದ.

ಸರಿಯಾಗಿ ಹನ್ನೊಂದಕ್ಕೆ ಬಾಗಿಲ ಗಂಟೆ ಬಾರಿಸಿತು. ಎಲ್ಬಿಯೊ ಕಲ್ಪಿಸಿಕೊಂಡಿದ್ದವಳು ಬೇರೆ, ಬಂದವಳು ಬೇರೆ. ಮೂವತ್ತೆಂಟು ವರ್ಷದವಳಿರಬಹುದು, ಗಿಡ್ಡ, ಗಟ್ಟಿಮುಟ್ಟು, ಆರು ಗಂಟೆ ಬಸ್ಸಿನಲ್ಲಿ ಕೂತು ಬಂದರೂ ಮುದುಡದ ನೀಲಿ ಅಂಗಿ. ಮೂವರಿಗೂ ಕೆನ್ನೆ ಕೊಟ್ಟಳು, ದೂರು ಕೊಡಲು ಬಂದವಳೂ ಕೊಡಬೇಕಾದ ಹಾಗೆ. ಯಾಮಂಡು ಕುರ್ಚಿ ಎಳೆದು, ಮಾಟೆ ಚಾಚಿ, "ಸಿಹಿ ಹಾಕ್ಕೊಂಡು ಕುಡೀತೀರಾ?" ಎಂದು ಕೇಳಿ, ಅವಳು ತಲೆಯಾಡಿಸುವುದಕ್ಕೂ ಮೊದಲೇ ಕ್ಷಮೆ ಕೇಳಿಬಿಟ್ಟ. ಕೇಳಿದ ರೀತಿಗೆ ಎಲ್ಬಿಯೊ ಬೆರಗಾದ. ಸುತ್ತು ಬಳಸು ಇಲ್ಲ. "ತಪ್ಪು ನನ್ನದು, ಸೆನ್ಯೋರಾ. ನೋಡದೆ ಇಟ್ಟೆ. ನೋಡಬೇಕಿತ್ತು. ನನ್ನಮ್ಮಂದು ಆಗಿದ್ರೆ ನಾನು ಈ ಬಾಗಿಲು ಒಡೀತಿದ್ದೆ." ವಕೀಲೆ ಮೇಜಿನ ಕೆಳಗೆ ಅವನ ಕಾಲಿಗೆ ಒದ್ದದ್ದು ಎಲ್ಬಿಯೊನಿಗೆ ಕಂಡಿತು. ನಿಬಿಯಾಳ ಭುಜ ಸ್ವಲ್ಪ ಇಳಿದದ್ದೂ ಕಂಡಿತು. ಮೂರು ದಿನ ಊಟ ಬಿಟ್ಟವನು ತಾನು. ಕ್ಷಮೆ ಸಿಗುವುದು ಅವನಿಗೆ. ಕ್ಷಮೆಯೂ ಎಷ್ಟು ಸಲೀಸಾಗಿ ಇವನ ಕಡೆಗೇ ಹರಿಯುತ್ತದೆ!

"ನಾನು ಕೋರ್ಟು ಗೀರ್ಟು ಅಂತ ಬಂದಿಲ್ಲ," ಅಂದಳು ನಿಬಿಯಾ. "ಬೇಕಾದ್ರೆ ಆಮೇಲೆ ನೋಡೋಣ. ನನಗೊಂದು ಗೊತ್ತಾಗಬೇಕು." ಚೀಲದಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. "ಇದು ನನಗೆ ಬಂದ ಪತ್ರ. ಹೆಸರಿಲ್ಲ."

ಯಾಮಂಡು ಎಳೆದುಕೊಂಡು ಓದಿದ. ಓದುತ್ತ ಓದುತ್ತ ಅವನ ಹುಬ್ಬು ಮೇಲೇರಿತು. "ನನ್ನ ಹೆಸರು ಎಷ್ಟು ಚೆನ್ನಾಗಿ ಬರೆದಿದಾನೆ ನೋಡಿ, ಅಪ್ಪನ ಮನೆತನದ ಹೆಸರೂ ಸೇರಿಸಿ!" ಎಂದು ನಗಲು ನೋಡಿದ. ಯಾರೂ ನಗಲಿಲ್ಲ. "ಯಾರಪ್ಪಾ ಇವನು, ನನ್ನ ಮೇಲೆ ಇಷ್ಟೊಂದು?"

"ನಿಮ್ಮ ಮೇಲೆ ಏನಿದೆಯೋ ನಂಗೆ ಗೊತ್ತಿಲ್ಲ," ಅಂದಳು ಅವಳು. "ಇಲ್ಲಿ ಕೆಳಗೆ ಓದಿ. ‘ಮೂರನೆಯ ಪುಟದಲ್ಲಿ ನಿಮ್ಮ ತಾಯಿ ನಿಮ್ಮ ಬಗ್ಗೆ ಆಡಿದ ಮಾತುಗಳೂ ಇವೆ.’ ನಾನು ಮನೇಲಿ ನೋಡ್ದೆ, ನಿಲ್ದಾಣದ ಕಂಪ್ಯೂಟರಲ್ಲಿ ನೋಡ್ದೆ, ಊರಲ್ಲಿ ರಿಪೇರಿ ಮಾಡೋನ ಹತ್ರ ತಗೊಂಡೋದೆ. ಎರಡನೇ ಪುಟಕ್ಕೆ ನಿಂತುಹೋಗುತ್ತೆ. ಯಾರ ಕೈಲೂ ಮೂರನೇದು ತೆಗೆಯೋಕಾಗಲಿಲ್ಲ. ಹಾಗಾದ್ರೆ ಇವನಿಗೆ ಹೇಗೆ ಗೊತ್ತು ಅಮ್ಮ ಏನಂದ್ಲು ಅಂತ?"

ಕೆಳಗೆ ಬೀದಿಯಲ್ಲಿ ಚಾಕು ಸಾಣೆ ಹಿಡಿಯುವವನ ಕೊಳಲು ಏರಿ ಇಳಿಯಿತು. ಯಾಮಂಡು ಕಾಗದವನ್ನು ಕೆಳಗಿಟ್ಟ, ಅಂಗೈಯಿಂದ ಅದರ ಮಡಿಕೆಯನ್ನು ಒಮ್ಮೆ ತೀಡಿದ, ಎಲ್ಬಿಯೊನ ಕಡೆ ತಿರುಗಿದ. ಹದಿನೇಳು ದಿನದ ಆ ತೇಪೆ ಅವನಿಗೂ ನೆನಪಿತ್ತು. ಆ ಮುಖದ ಮೇಲೆ ಸಿಟ್ಟು ಬರಲೆಂದು ಎಲ್ಬಿಯೊ ಕಾದ. ಸಿಟ್ಟು ಬಂದರೆ ಎದುರಿಗೆ ಇಡಲು ಅವನ ಬಳಿ ಆರು ತಿಂಗಳಿಂದ ಕೂಡಿಟ್ಟ ಮಾತುಗಳಿದ್ದವು. ಬಂದದ್ದು ಸಿಟ್ಟಲ್ಲ. ಪೆಟ್ಟು ತಿಂದ ಮೇಲೆ ಎಲ್ಲಿ ಬಿತ್ತು ಎಂದು ತಡಕಾಡುವವನ ಮುಖ ಅದು.

"ಎಲ್ಬಿಯೊ," ಅಂದ ಯಾಮಂಡು. ಮೇಷ್ಟ್ರೇ ಅನ್ನಲಿಲ್ಲ.

"ನಾನೇ," ಅಂದ ಎಲ್ಬಿಯೊ. ತನ್ನ ದನಿ ಕಚೇರಿಯಲ್ಲಿ ಹಾಜರಿ ಹೇಳುವವನ ದನಿಯ ಹಾಗಿದೆ ಅನ್ನಿಸಿತು. "ಬರೆದಿದ್ದು ನಾನು. ಆ ಫೈಲನ್ನ ತಂದಿದ್ದೂ ನಾನೇ. ಇವನು ಹೊರಗಿಡ್ತೀನಿ ಅಂದಾಗ ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ."

"ಸುಮ್ನಿರಿ," ಎಂದಳು ವಕೀಲೆ, ಪೆನ್ನು ಎತ್ತಿ. "ಇನ್ನೊಂದು ಮಾತು ಆಡಬೇಡಿ ಲಾರ್ರೋಸಾ. ಈಗ ಆಡಿದ್ದೇ ಸಾಕು ಸಂಘಕ್ಕೆ ಬೀಗ ಹಾಕೋಕೆ."

"ಯಾಕೆ ಹೇಳಲಿಲ್ಲ?" ಎಂದ ಯಾಮಂಡು. "ಒಂದು ಮಾತು, ಬೇಡ ಕಣೋ ಅಂದಿದ್ರೆ ನಾನು ಇಡ್ತಿದ್ನಾ? ನಿಮ್ಮನ್ನ ನೋಡಿಕೊಂಡೇ ಕೇಳಿದ್ದೆ ನಾನು."

ಎಲ್ಬಿಯೊ ‘ಮುಂತಾದವರ’ ಎಂಬ ಒಂದು ಪದಕ್ಕಾಗಿ ಎನ್ನಲು ಬಾಯಿ ತೆರೆದ. ಈ ಹೆಂಗಸಿನ ಮುಂದೆ, ಅವಳ ನೀಲಿ ಅಂಗಿಯ ಮುಂದೆ ಆ ಪದ ಎಷ್ಟು ಸಣ್ಣದಾಗಿ ಕಂಡಿತೆಂದರೆ, ಅದನ್ನು ಹೇಳುವುದಕ್ಕಿಂತ ಕೆಟ್ಟವನೆನ್ನಿಸಿಕೊಳ್ಳುವುದೇ ಮೇಲೆನ್ನಿಸಿತು. "ನೀನು ಬೀಳೋದನ್ನ ನೋಡಬೇಕಿತ್ತು," ಅಂದ. ಅದೂ ನಿಜವೇ ಆಗಿತ್ತು.

"ನಿಮ್ಮಿಬ್ಬರ ಜಗಳ ಆಮೇಲಿರಲಿ," ಎಂದಳು ನಿಬಿಯಾ. ಕೌಂಟರಿನಲ್ಲಿ ಸಾಲು ತಪ್ಪಿಸಿದವರನ್ನು ಹಿಂದಕ್ಕೆ ಕಳಿಸುವಾಗ ಅವಳು ಆಡುವ ದನಿ ಅದೇ ಇರಬೇಕು. "ಮೂರನೇ ಪುಟ ನಿಮ್ಮ ಹತ್ರ ತೆರೆಯುತ್ತೆ ತಾನೆ? ತೆರೀರಿ."

"ಮುದ್ರಿಸಿ ಕೊಡ್ತೀನಿ," ಅಂದ ಎಲ್ಬಿಯೊ.

"ಬೇಡ. ನೀವೇ ಓದಿ. ನೀವೇ ತಾನೆ ಓದಿರೋದು? ಜೋರಾಗಿ ಓದಿ."

ಅವನು ತನ್ನ ಮೇಜಿಗೆ ಹೋಗಿ ಲ್ಯಾಪ್‌ಟಾಪು ತಂದ. ತಂತಿ ಕಾಲಿಗೆ ತೊಡರಿ ಮುಗ್ಗರಿಸಿದ; ಯಾಮಂಡು ಅಭ್ಯಾಸಬಲದಿಂದ ಕೈಚಾಚಿ ಹಿಡಿದವನು ಹಿಡಿದದ್ದು ಗೊತ್ತಾಗಿ ಕೈಬಿಟ್ಟ. ಫೈಲು ತೆರೆದುಕೊಳ್ಳುತ್ತಿದ್ದ ಆ ಕೆಲವು ಕ್ಷಣಗಳಲ್ಲಿ ನಿಬಿಯಾ ಯಾರೂ ಕೇಳದೆಯೇ ಹೇಳಿದಳು. ಅಮ್ಮ ಊಟ ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು, ಚಳಿಗಾಲದಲ್ಲಿ ಒಲೆ ಹಚ್ಚದೆ ಕತ್ತಲ ಕೋಣೆಯಲ್ಲಿ ಕೂರುತ್ತಿದ್ದಳು. ಸಹಿ ಹಾಕಿ ಸೇರಿಸಿದ್ದು ತಾನೇ, ಆಗ ತನಗೆ ಇಪ್ಪತ್ತನಾಲ್ಕು. ಎಂಟು ಭಾನುವಾರ ಹೋದೆ, ಎಂಟು ಭಾನುವಾರವೂ ನರ್ಸು ಹೊರಗೆ ಬಂದು, ನಿಮ್ಮನ್ನ ನೋಡೋಕೆ ಅವರಿಗೆ ಇಷ್ಟ ಇಲ್ಲವಂತೆ ಎಂದು ಹಿಂದಕ್ಕೆ ಕಳಿಸಿದಳು. ಮನೆಗೆ ಬಂದ ಮೇಲೂ ಆ ಎರಡು ತಿಂಗಳ ಮಾತನ್ನು ಅಮ್ಮ ಎತ್ತಲಿಲ್ಲ, ತಾನೂ ಎತ್ತಲಿಲ್ಲ. "ಅಮ್ಮ ಹೋಗಿ ಮೂರು ವರ್ಷ ಆಯ್ತು," ಅಂದಳು. "ಓದಿ."

ಎಲ್ಬಿಯೊ ಓದಿದ. ಮೊದಲ ಸಾಲು ವೈದ್ಯರ ಒಣ ಭಾಷೆಯಲ್ಲಿತ್ತು: ಮಗಳ ಬಗ್ಗೆ ಕೇಳಿದಾಗ ರೋಗಿಯು ಮೊದಲ ಬಾರಿಗೆ ದೀರ್ಘವಾಗಿ ಮಾತಾಡಿದರು, ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. ಆಮೇಲಿನದು ಬೇರೆ ಭಾಷೆ. "‘ಇಲ್ಲಿಗೆ ಕರ್ಕೊಂಡು ಬರೋ ದಿವಸ ನನ್ನ ಕೋಟಿನ ಗುಂಡಿ ಅವಳೇ ಹಾಕಿದ್ಲು. ಕೈ ನಡುಗ್ತಿತ್ತು ಅದಕ್ಕೆ. ಕೆಳಗಿಂದ ಒಂದು ತಪ್ಪಿಸಿ ಹಾಕಿ, ಮೇಲಿನ ತನಕ ಎಲ್ಲಾ ಸೊಟ್ಟ. ಇಲ್ಲಿನ ಹುಡುಗಿ ಸರಿಮಾಡೋಕೆ ಬಂದ್ಲು, ನಾ ಮುಟ್ಟಗೊಡಲಿಲ್ಲ. ಎರಡು ದಿನ ಕೋಟು ಹಾಕ್ಕೊಂಡೇ ಮಲಗಿದೆ. ಬಿಚ್ಚಿದ್ರೆ ಅವಳ ಕೈ ನನ್ನ ಮೇಲಿಂದ ಹೋಗಿಬಿಟ್ಟ ಹಾಗೆ.’ ಮಗಳನ್ನು ನೋಡಲು ಒಪ್ಪುವಿರಾ ಎಂದು ಕೇಳಿದ್ದಕ್ಕೆ: ‘ಬೇಡ. ನನ್ನನ್ನ ಹೀಗೆ ನೋಡಿದ್ರೆ ತಾನೇ ಏನೋ ಮಾಡಿಬಿಟ್ಟೆ ಅಂದ್ಕೊಳ್ತಾಳೆ. ಅವಳು ಮಾಡಿದ್ದು ಸರಿ. ಅವಳಿಗೆ ಹೇಳಿ. ಅಲ್ಲ, ಬೇಡ, ನಾನೇ ಹೇಳ್ತೀನಿ, ಮನೆಗೆ ಹೋದ ಮೇಲೆ.’"

ಓದುವಾಗ ಅವನಿಗೆ ಪರದೆ ನೋಡಬೇಕಾಗಿರಲಿಲ್ಲ. ಬಾಯಿಪಾಠವಾಗಿತ್ತು. ಅದನ್ನು ಮುಚ್ಚಿಡಲು, ಪ್ರತಿ ಸಾಲಿಗೂ ಕಣ್ಣು ಓಡಿಸಿದ. ಹೆಂಡತಿ ಬಿಟ್ಟುಹೋದ ವರ್ಷ ಇದೇ ಪುಟವನ್ನು ಅವನು ತೆರೆದಿದ್ದ, ಪರೀಕ್ಷೆಗೆಂದು ನೆಪ ಹೇಳಿಕೊಂಡು. ಅಷ್ಟು ಪ್ರೀತಿ ಯಾರದೋ ಮನೆಯಲ್ಲಿ ಇದೆ, ಅದು ತನಗೆ ಮಾತ್ರ ಗೊತ್ತು ಎಂಬುದೇ ಆಗ ಅವನಿಗೆ ಒಂದು ಬಗೆಯ ಆಸ್ತಿಯಾಗಿತ್ತು.

ವಕೀಲೆ ಕನ್ನಡಕವನ್ನು ಮೊದಲ ಬಾರಿಗೆ ಮೂಗಿಗೇರಿಸಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಯಾಮಂಡು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ನಿಬಿಯಾ ಅಳಲಿಲ್ಲ. ಅವಳ ಬೆರಳು ತನ್ನ ಅಂಗಿಯ ಮೇಲಿನ ಗುಂಡಿಗೆ ಹೋಗಿ, ಅಲ್ಲಿ ಇದ್ದು, ಇಳಿಯಿತು.

"ಎಷ್ಟು ಸಲ ಓದಿದೀರಿ ಇದನ್ನ?" ಎಂದು ಕೇಳಿದಳು.

"ಇದನ್ನ ಬಿಟ್ಟು?" ಅಂದ ಎಲ್ಬಿಯೊ. "ನಾಲ್ಕು."

"ಮೊದಲನೇ ಸಲ ಯಾವಾಗ?"

"ಒಂಬತ್ತು ವರ್ಷದ ಹಿಂದೆ."

ಅವಳು ಲೆಕ್ಕ ಹಾಕಿದಳು. ಹಾಕುವುದು ತುಟಿಯಲ್ಲಿ ಕಂಡಿತು. "ಆಗ ಅಮ್ಮ ಇದ್ಲು," ಅಂದಳು. "ಆರು ವರ್ಷ ಇದ್ಲು ಇನ್ನೂ. ಅಡಿಗೆಮನೆ ಮೇಜಿಗೆ ಎದುರುಬದುರು ಕೂತು ಊಟ ಮಾಡ್ತಿದ್ವಿ ನಾವು. ಅವಳಿಗೆ ಹೇಳೋಕಾಗ್ತಿರಲಿಲ್ಲ, ನನಗೆ ಕೇಳೋಕಾಗ್ತಿರಲಿಲ್ಲ. ಇಲ್ಲಿ ನೀವು ಈ ಕುರ್ಚೀಲಿ ಕೂತು ಓದ್ತಿದ್ರಿ."

"ನಿಮಗೆ ಆಗಲೇ ಬರೆಯಬಹುದಿತ್ತು," ಅಂದ ಎಲ್ಬಿಯೊ. "ನನಗೆ ಅದು ಹೊಳೀಲೇ ಇಲ್ಲ."

ಅವಳು ಅವನನ್ನೇ ನೋಡಿದಳು. ಸಿಟ್ಟನ್ನು ಅವನು ತಾಳಿಕೊಳ್ಳಬಲ್ಲವನಾಗಿದ್ದ, ತಿರಸ್ಕಾರಕ್ಕೆ ಸಿದ್ಧನಾಗಿಯೇ ಕೂತಿದ್ದ. ಆ ನೋಟ ಎರಡೂ ಆಗಿರಲಿಲ್ಲ. ಅದು ಅವನ ಕೈಗಳ ಮೇಲೆ, ಅವನ ಕಣ್ಣುಗಳ ಮೇಲೆ, ತನ್ನದಾಗಬೇಕಿದ್ದ ಏನನ್ನೋ ಮೊದಲೇ ಮುಟ್ಟಿ ಬಳಸಿಬಿಟ್ಟ ಅವನ ಇಡೀ ಮೈಯ ಮೇಲೆ ನೆಟ್ಟು ನಿಂತಿತ್ತು. ಆ ನೋಟ ಎಲ್ಬಿಯೊನಿಗೆ ಹೊಸದಲ್ಲ. ಆರು ತಿಂಗಳಿಂದ ಯಾಮಂಡುವಿನ ಬೆನ್ನ ಮೇಲೆ ತಾನು ನೆಟ್ಟಿದ್ದು ಅದನ್ನೇ. ಹೊರಗಿನಿಂದ ಅದು ಹೀಗೆ ಕಾಣುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಯಾರಾದರೊಬ್ಬರು ತನ್ನನ್ನು ಕಂಡು ಹೊಟ್ಟೆ ಉರಿಸಿಕೊಳ್ಳಲಿ ಎಂದು ಬಾಲ್ಯದಿಂದಲೂ ಹಾರೈಸಿದವನು ಅವನು. ಈಗ ಒಬ್ಬಳು ಸಿಕ್ಕಿದ್ದಳು. ಅವಳ ಕಣ್ಣನ್ನು ಅವನಿಂದ ಎದುರಿಸಲಾಗಲಿಲ್ಲ.

"ಈ ಕಡೆ ತಿರುಗಿಸಿ ಅದನ್ನ," ಅಂದಳು. ಅವನು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದ. "ನೀವು ನೋಡಬೇಡಿ."

ಎಲ್ಬಿಯೊ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತ. ಹಿಂದಿನಿಂದ ಅವಳ ಪಿಸುದನಿ ಕೇಳಿಸಿತು. ಶಾಲೆಯಲ್ಲಿ ಓದು ಕಲಿಯುವವರ ಹಾಗೆ ಪದಪದವನ್ನೂ ತುಟಿಯಲ್ಲಿ ಇಟ್ಟು ಓದುತ್ತಿದ್ದಳು. ಮುಗಿಯಿತು. ಪುಟದ ಮೇಲ್ತುದಿಗೆ ಹಿಂತಿರುಗುವ ಕೀಲಿ ಒತ್ತಿದ ಸಣ್ಣ ಸದ್ದು. ಮತ್ತೆ ಮೊದಲಿನಿಂದ. ಯಾರೂ ಏಳಲಿಲ್ಲ, ಯಾಮಂಡು ಫ್ಲಾಸ್ಕು ಮುಟ್ಟಲಿಲ್ಲ. ಎರಡು, ಮೂರು ಎಂದು ಎಲ್ಬಿಯೊ ಎಣಿಸಿದ. ಎಣಿಸಬಾರದು ಅಂದುಕೊಂಡರೂ ಎಣಿಸಿದ. ನಾಲ್ಕು. ಐದು. ಅವನ ಲೆಕ್ಕವನ್ನು ದಾಟಿದ ಮೇಲೂ ಅವಳು ನಿಲ್ಲಿಸಲಿಲ್ಲ.